ಹಸುಗಳು ಕಡಿಮೆಯಾದ ಮನೆಯಲ್ಲಿ ಅಡುಗೆಮನೆಯ ತ್ಯಾಜ್ಯದಿಂದ ಗೋಬರ್ ಗ್ಯಾಸ್ ನಡೆಸಬಹುದೇ?

ಪ್ರಶ್ನೆ: ತೋಟದಮನೆ, ಸಾಗರ ತಾಲ್ಲೂಕು

ಎಲ್ಲರಿಗೂ ನಮಸ್ಕಾರ.

ನಮ್ಮ ಮನೆಯ ಹಿತ್ತಲಿನಲ್ಲಿ ತೊಂಬತ್ತರ ದಶಕದಲ್ಲಿ ತಂದೆಯವರು ಕಟ್ಟಿಸಿದ, ದಿನಕ್ಕೆ 2 ಘನ ಮೀಟರ್ ಅನಿಲ ಕೊಡುವ ಸಾಮರ್ಥ್ಯದ, ಇಟ್ಟಿಗೆ ಗುಮ್ಮಟವಿರುವ ದೀನಬಂಧು ಮಾದರಿಯ ಗೋಬರ್ ಗ್ಯಾಸ್ ಸ್ಥಾವರವಿದೆ. ಆಗ ಕೊಟ್ಟಿಗೆಯಲ್ಲಿ ಎಮ್ಮೆ, ಹಸು, ಕರುಗಳೆಲ್ಲ ಸೇರಿ ಎಂಟು ರಾಸುಗಳಿದ್ದುದರಿಂದ ಮೂರು ಹೊತ್ತಿನ ಅಡುಗೆಗೂ ಸಾಕಾಗಿ ಅನಿಲ ಉಳಿಯುತ್ತಿತ್ತು. ಮೇಯಲು ಬಿಡುವ ಬ್ಯಾಣಗಳು ಕಡಿಮೆಯಾಗಿ, ಕೊಟ್ಟಿಗೆ ಕೆಲಸಕ್ಕೆ ಜನ ಸಿಗದಂತಾಗಿ, ಈಗ ಎರಡೇ ಹಸುಗಳು ಉಳಿದಿವೆ. ಸಿಗುವ ಸಗಣಿ ದಿನಕ್ಕೆ 20 ಕಿಲೋ ಮೀರುವುದಿಲ್ಲ. ಮನೆಮಂದಿಗೆಲ್ಲ ಬೆಳಗಿನ ದೋಸೆ ಹೊಯ್ದು ಮುಗಿಯುವಷ್ಟರಲ್ಲಿ ಒಲೆಯ ಉರಿ ಸಣ್ಣದಾಗುತ್ತದೆ. ಮಧ್ಯಾಹ್ನದ ಅಡುಗೆಗೆ ಸಿಲಿಂಡರ್ ಹಚ್ಚಲೇಬೇಕು.

ತೋಟ ನೋಡಲು ಬರುವವರಿಗಾಗಿ ಎರಡು ಕೋಣೆಗಳ ಹೋಂಸ್ಟೇ ನಡೆಸುತ್ತಿದ್ದೇವೆ. ಅತಿಥಿಗಳಿಲ್ಲದ ದಿನ ಅಡುಗೆಮನೆಯಿಂದ ಎರಡು ಮೂರು ಕಿಲೋ, ಅತಿಥಿಗಳಿರುವ ದಿನ ಎಂಟು ಹತ್ತು ಕಿಲೋ ತ್ಯಾಜ್ಯ ಹೊರಬರುತ್ತದೆ. ಉಳಿದ ಅನ್ನ, ಸಾಂಬಾರು, ಹುಳಿ ಬಂದ ಮಜ್ಜಿಗೆ, ತರಕಾರಿ ಸಿಪ್ಪೆ, ಹಣ್ಣಿನ ಸಿಪ್ಪೆ ಎಲ್ಲವೂ ಅದರಲ್ಲಿರುತ್ತವೆ. ಇದನ್ನು ಸಗಣಿಯ ಜೊತೆ ಸ್ಥಾವರಕ್ಕೆ ಹಾಕಬೇಕೆಂಬ ಆಸೆ ನನ್ನದು. ಆದರೆ ನಮ್ಮೂರಿನ ಒಂದು ಮನೆಯಲ್ಲಿ ಉಪನಯನದ ಮರುದಿನ ಉಳಿದ ಅನ್ನ, ಪಾಯಸಗಳನ್ನೆಲ್ಲ ಒಟ್ಟಿಗೆ ಸುರಿದಾಗ ಮೊದಲ ದಿನ ಅನಿಲ ವಿಪರೀತ ಬಂದಿತಂತೆ, ಆಮೇಲೆ ಬೆಂಕಿಯೇ ಹತ್ತಲಿಲ್ಲವಂತೆ. ಅಂದಿನಿಂದ ಬೇಯಿಸಿದ ಆಹಾರ ಹಾಕಿದರೆ ಗೋಬರ್ ಗ್ಯಾಸ್ ಸತ್ತುಹೋಗುತ್ತದೆ ಎಂಬ ಮಾತು ಊರಿನಲ್ಲಿ ನಿಂತುಬಿಟ್ಟಿದೆ.

ಈ ಮಾತು ನಿಜವೇ? ಹಾಕಬಹುದಾದರೆ ದಿನಕ್ಕೆ ಎಷ್ಟು, ಹೇಗೆ ಹಾಕಬೇಕು? ಸ್ಥಾವರದಿಂದ ಹೊರಬರುವ ಸ್ಲರಿಯನ್ನು, ಅಂದರೆ ತೆಳ್ಳನೆಯ ಗೊಬ್ಬರವನ್ನು, ಅಡಿಕೆ ಮರಗಳ ಬುಡಕ್ಕೆ ಹಾಕುವವರು ನಾವು. ಆಹಾರ ತ್ಯಾಜ್ಯದಿಂದ ಅದರ ಗುಣ ಕೆಡುವುದೇ? ಬಲ್ಲವರು ದಯವಿಟ್ಟು ತಿಳಿಸಬೇಕಾಗಿ ವಿನಂತಿ.

ಉತ್ತರ: ಸೂಕ್ಷ್ಮಜೀವಿಶಾಸ್ತ್ರ ಕಲಿಸುವವರು, ಧಾರವಾಡ

ಮಾನ್ಯರೇ, ನಿಮ್ಮೂರಿನವರು ಕಂಡದ್ದು ನಿಜ, ಆದರೆ ಅದರಿಂದ ಅವರು ತೆಗೆದ ತೀರ್ಮಾನ ಸರಿಯಲ್ಲ. ಆ ಸ್ಥಾವರವನ್ನು ಕೆಡಿಸಿದ್ದು ಅನ್ನವಲ್ಲ, ಅಷ್ಟು ಅನ್ನವನ್ನು ಒಂದೇ ದಿನ ಹಾಕಿದ್ದು.

ಸ್ಥಾವರದೊಳಗೆ ಗಾಳಿಯ ಸಂಪರ್ಕವಿಲ್ಲದೆ ಬದುಕುವ ಹಲವು ಗುಂಪುಗಳ ಸೂಕ್ಷ್ಮಜೀವಿಗಳು ಒಂದರ ನಂತರ ಒಂದು ಕೆಲಸ ಮಾಡುತ್ತವೆ. ಮೊದಲನೆಯ ಗುಂಪು ಪಿಷ್ಟ, ಕೊಬ್ಬು, ಪ್ರೋಟೀನುಗಳನ್ನು ಒಡೆದು ಕರಗಿಸುತ್ತದೆ. ಅದರ ನಂತರದವು ಕರಗಿದ್ದನ್ನು ಆಮ್ಲಗಳನ್ನಾಗಿ, ಮುಖ್ಯವಾಗಿ ಅಸಿಟಿಕ್ ಆಮ್ಲವನ್ನಾಗಿ ಮಾಡುತ್ತವೆ. ಕೊನೆಯ ಗುಂಪು, ಅಂದರೆ ಮೀಥೇನ್ ತಯಾರಿಸುವವು, ಈ ಆಮ್ಲವನ್ನು ತಿಂದು ನಮಗೆ ಬೇಕಾದ ಅನಿಲವನ್ನು ಕೊಡುತ್ತವೆ. ತೊಡಕು ಇರುವುದು ಇವುಗಳ ವೇಗದಲ್ಲಿ. ಆಮ್ಲ ಮಾಡುವ ಜೀವಿಗಳು ಕೆಲವೇ ಗಂಟೆಗಳಲ್ಲಿ ದುಪ್ಪಟ್ಟಾಗಬಲ್ಲವು. ಅಸಿಟಿಕ್ ಆಮ್ಲವನ್ನು ಮೀಥೇನ್ ಮಾಡುವ ಜೀವಿಗಳಿಗೆ ಅದಕ್ಕೆ ದಿನಗಳೇ ಬೇಕು. ಸಗಣಿಯಲ್ಲಿರುವ ನಾರು ಹಸುವಿನ ಹೊಟ್ಟೆಯಲ್ಲಿ ಒಮ್ಮೆ ಜೀರ್ಣವಾಗಿ ಉಳಿದದ್ದಾದ್ದರಿಂದ ನಿಧಾನವಾಗಿ ಒಡೆಯುತ್ತದೆ, ಆಮ್ಲವೂ ನಿಧಾನವಾಗಿ ಹುಟ್ಟುತ್ತದೆ, ಹುಟ್ಟಿದಷ್ಟೂ ಖರ್ಚಾಗುತ್ತದೆ. ಬೆಂದ ಅನ್ನ ಹಾಗಲ್ಲ. ಅದು ಒಂದೇ ದಿನದಲ್ಲಿ ಕರಗಿ ಆಮ್ಲವಾಗುತ್ತದೆ. ಅದನ್ನು ತಿನ್ನಬೇಕಾದ ಜೀವಿಗಳ ಸಂಖ್ಯೆ ಅಷ್ಟರಲ್ಲಿ ಹೆಚ್ಚಿರುವುದಿಲ್ಲ. ಹುಳಿ ಹೆಚ್ಚಿದಷ್ಟೂ ಇಳಿಯುವ ಅಂಕಿಯಾದ ಪಿಎಚ್ 6.8ರಿಂದ 7.5ರ ನಡುವೆ ಇದ್ದರೆ ಮೀಥೇನ್ ಜೀವಿಗಳು ನೆಮ್ಮದಿಯಾಗಿರುತ್ತವೆ. ಅದು 6.5ಕ್ಕಿಂತ ಕೆಳಗಿಳಿದರೆ ಅವುಗಳ ಕೆಲಸ ಕುಂಠಿತವಾಗುತ್ತದೆ, ಆಮ್ಲ ಇನ್ನಷ್ಟು ಶೇಖರವಾಗುತ್ತದೆ, ಪಿಎಚ್ ಮತ್ತಷ್ಟು ಕುಸಿಯುತ್ತದೆ.

ಉಪನಯನದ ಮನೆಯವರಿಗೆ ಮೊದಲ ದಿನ ವಿಪರೀತ ಅನಿಲ ಬಂದದ್ದೇಕೆ ಎಂಬುದೂ ಇದರಿಂದಲೇ ತಿಳಿಯುತ್ತದೆ. ಆಮ್ಲ ತಯಾರಾಗುವ ಹಂತದಲ್ಲಿ ಇಂಗಾಲದ ಡೈಆಕ್ಸೈಡ್ ಧಾರಾಳವಾಗಿ ಬಿಡುಗಡೆಯಾಗುತ್ತದೆ. ಒಳ್ಳೆಯ ಗೋಬರ್ ಗ್ಯಾಸಿನಲ್ಲಿ ಮೀಥೇನ್ ಶೇಕಡಾ 55ರಿಂದ 65ರಷ್ಟಿದ್ದು, ಉಳಿದದ್ದರಲ್ಲಿ ಹೆಚ್ಚಿನ ಪಾಲು ಇಂಗಾಲದ ಡೈಆಕ್ಸೈಡೇ ಆಗಿರುತ್ತದೆ. ಈ ಪ್ರಮಾಣ ತಿರುವುಮುರುವಾದಾಗ ಗುಮ್ಮಟ ತುಂಬಿರುತ್ತದೆ, ಒತ್ತಡವೂ ಇರುತ್ತದೆ, ಆದರೆ ಬೆಂಕಿ ಹತ್ತುವುದಿಲ್ಲ.

ಇನ್ನು ನಿಮ್ಮ ಮನೆಯ ಲೆಕ್ಕಕ್ಕೆ ಬರುತ್ತೇನೆ. ಹಸಿ ಸಗಣಿ ಒಂದು ಕಿಲೋಗೆ ಸುಮಾರು 40 ಲೀಟರ್ ಅನಿಲ ಕೊಡುತ್ತದೆ. ಆದ್ದರಿಂದಲೇ 2 ಘನ ಮೀಟರ್ ಸ್ಥಾವರಕ್ಕೆ ದಿನಕ್ಕೆ 50 ಕಿಲೋ ಸಗಣಿ, ಅಷ್ಟೇ ನೀರು ಬೇಕೆನ್ನುವುದು. ನಿಮ್ಮ 20 ಕಿಲೋದಿಂದ 800 ಲೀಟರ್ ಬರಬೇಕು. ನೀರಿನಂಶವೇ ಮುಕ್ಕಾಲು ಪಾಲಿರುವ ಸಾಮಾನ್ಯ ಅಡುಗೆಮನೆ ತ್ಯಾಜ್ಯ ಕಿಲೋಗೆ ಸುಮಾರು 100 ಲೀಟರ್ ಅನಿಲ ಕೊಡಬಲ್ಲದು. ದಿನಕ್ಕೆ 5 ಕಿಲೋ ಸೇರಿಸಿದರೆ ಇನ್ನೊಂದು 500 ಲೀಟರ್ ಸಿಕ್ಕಿ, ಒಟ್ಟು 1.3 ಘನ ಮೀಟರ್ ಆಗುತ್ತದೆ. ಒಬ್ಬರ ಅಡುಗೆಗೆ ದಿನಕ್ಕೆ ಕಾಲು ಘನ ಮೀಟರ್ ಎಂದು ಹಿಡಿಯುವ ವಾಡಿಕೆಯಂತೆ ಇದು ಐದು ಜನರ ಸಂಸಾರಕ್ಕೆ ಸಾಕು. ಒಂದು ಘನ ಮೀಟರ್ ಗೋಬರ್ ಗ್ಯಾಸ್ ಸುಮಾರು 450 ಗ್ರಾಂ ಎಲ್‌ಪಿಜಿಗೆ ಸಮವಾದ್ದರಿಂದ, 14.2 ಕಿಲೋದ ಒಂದು ಸಿಲಿಂಡರಿನಷ್ಟು ಇಂಧನ ನಿಮಗೆ 24-25 ದಿನಗಳಲ್ಲಿ ಹಿತ್ತಲಿನಿಂದಲೇ ಸಿಕ್ಕಂತಾಗುತ್ತದೆ.

50 ಕಿಲೋ ಸಗಣಿಯನ್ನು ಜೀರ್ಣಿಸಲೆಂದು ಕಟ್ಟಿದ ಸ್ಥಾವರಕ್ಕೆ 20 ಕಿಲೋ ಸಗಣಿ ಮತ್ತು 5 ಕಿಲೋ ತ್ಯಾಜ್ಯ ಹೊರೆಯೇ ಅಲ್ಲ. ಜೋಪಾನ ಬೇಕಾದದ್ದು ಏರಿಳಿತದ ವಿಷಯದಲ್ಲಿ ಮಾತ್ರ. ಮೊದಲ ವಾರ ದಿನಕ್ಕೆ ಒಂದು ಕಿಲೋದಿಂದ ಆರಂಭಿಸಿ ವಾರಕ್ಕೊಂದು ಕಿಲೋದಂತೆ ಏರಿಸುತ್ತ ಐದಕ್ಕೆ ನಿಲ್ಲಿಸಿ. ಅತಿಥಿಗಳಿದ್ದ ದಿನ ಬಂದ ಹತ್ತು ಕಿಲೋವನ್ನು ಮುಚ್ಚಳವಿರುವ ಡ್ರಮ್ಮಿನಲ್ಲಿಟ್ಟು ಎರಡು ಮೂರು ದಿನಗಳಿಗೆ ಹಂಚಿ ಹಾಕಿ. ಹೀಗೆ ನಿಧಾನವಾಗಿ ಏರಿಸಿದಾಗ ಮೀಥೇನ್ ಜೀವಿಗಳ ಸಂಖ್ಯೆಯೂ ಜೊತೆಗೇ ಬೆಳೆಯುತ್ತದೆ.

ಕೆಟ್ಟರೆ ಏನು ಮಾಡಬೇಕೆಂಬುದನ್ನೂ ಹೇಳಿಬಿಡುತ್ತೇನೆ. ಉರಿ ಬರ್ನರಿನಿಂದ ಮೇಲೆದ್ದು ಆರಿಹೋಗುವುದು, ಹೊರಬರುವ ಸ್ಲರಿಯಲ್ಲಿ ಹುಳಿವಾಸನೆ ಮತ್ತು ನೊರೆ ಕಾಣುವುದು ಮೊದಲ ಸೂಚನೆಗಳು. ಕೂಡಲೇ ಆಹಾರ ತ್ಯಾಜ್ಯವನ್ನು ಪೂರ್ತಿ ನಿಲ್ಲಿಸಿ ಸಗಣಿ ನೀರನ್ನಷ್ಟೇ, ಅದನ್ನೂ ಕಡಿಮೆ ಪ್ರಮಾಣದಲ್ಲಿ ಹಾಕುತ್ತ ಬಂದರೆ ಹೆಚ್ಚಿನ ಸಂದರ್ಭಗಳಲ್ಲಿ ಸ್ಥಾವರ ತಾನೇ ಸುಧಾರಿಸಿಕೊಳ್ಳುತ್ತದೆ. ತೀರಾ ಹುಳಿಯಾಗಿದ್ದರೆ ಅಡುಗೆ ಸೋಡಾವನ್ನು ನೀರಿನಲ್ಲಿ ಕರಗಿಸಿ ಸ್ವಲ್ಪಸ್ವಲ್ಪವಾಗಿ ಕೊಡಬಹುದು. ಸುಣ್ಣವನ್ನೂ ಬಳಸುವವರಿದ್ದಾರೆ, ಆದರೆ ಅತಿಯಾದರೆ ಅದು ಇಂಗಾಲದ ಡೈಆಕ್ಸೈಡನ್ನು ಹೀರಿ ಸುಣ್ಣಕಲ್ಲಿನ ಪುಡಿಯಾಗಿ ತಳದಲ್ಲಿ ಕೂರುತ್ತದೆ. ಮನೆಯ ಮಟ್ಟದಲ್ಲಿ ನಾನು ಸೋಡಾವನ್ನೇ ಒಪ್ಪುತ್ತೇನೆ.

ಉತ್ತರ: ಸಿದ್ದಾಪುರದ ಕೃಷಿಕರು

ಧಾರವಾಡದ ಮೇಡಂ ಅವರು ಹೇಳಿದ ಲೆಕ್ಕ ನಮ್ಮ ಕೊಟ್ಟಿಗೆಯ ಅನುಭವಕ್ಕೂ ಹೊಂದುತ್ತದೆ. ನಮ್ಮ ಶಿರಸಿ, ಸಿದ್ದಾಪುರ ಸೀಮೆಯಲ್ಲಿ ಮನೆಮನೆಗೂ ಗೋಬರ್ ಗ್ಯಾಸ್ ಎಂಬಂತಿದ್ದ ಕಾಲವಿತ್ತು; ಈಗಲೂ ಅನೇಕ ಮನೆಗಳಲ್ಲಿ ಇದೆ. ನಿಂತುಹೋದ ಕಡೆಯೆಲ್ಲ ಕಾರಣ ನಿಮ್ಮದೇ: ಗುಂಡಿ ಗಟ್ಟಿಮುಟ್ಟಾಗಿದೆ, ಕೊಟ್ಟಿಗೆ ಖಾಲಿಯಾಗಿದೆ.

ನನ್ನದೊಂದು ಸೂಚನೆಯಿದೆ. ಹಸು ತಿನ್ನುವಂಥದ್ದನ್ನು ಮೊದಲು ಹಸುವಿಗೇ ಕೊಡಿ. ಅಕ್ಕಿ ತೊಳೆದ ನೀರು, ಗಂಜಿ ತಿಳಿ, ಬಾಳೆಕಾಯಿ ಸಿಪ್ಪೆ, ಹಲಸಿನ ರಚ್ಚೆ, ಸೌತೆಕಾಯಿ ತಿರುಳು, ಇವೆಲ್ಲ ಅಕ್ಕಚ್ಚಿನ ಬಾನಿಗೆ ಸೇರುವ ಪದಾರ್ಥಗಳು. ಹಾಲೂ ಸಿಗುತ್ತದೆ, ಸಗಣಿಯಾಗಿ ಗುಂಡಿಗೂ ಬರುತ್ತದೆ. ಉಳಿದ ಅನ್ನವನ್ನು ಮಾತ್ರ ರಾಶಿಯಾಗಿ ಹಸುವಿಗೆ ಇಡಬೇಡಿ. ಮದುವೆ ಮನೆಯ ಅನ್ನ ತಿಂದು ಹೊಟ್ಟೆ ಉಬ್ಬರಿಸಿ ಸತ್ತ ಹಸುಗಳನ್ನು ನಮ್ಮ ಕಡೆ ಎಲ್ಲರೂ ಬಲ್ಲರು. ಮೇಲೆ ವಿವರಿಸಿದ ಆಮ್ಲದ ತೊಂದರೆಯೇ ಅಲ್ಲಿ ಹಸುವಿನ ಹೊಟ್ಟೆಯಲ್ಲಿ ಆಗುವುದು. ಆದ್ದರಿಂದ ಅನ್ನ, ಸಾಂಬಾರು, ಹಳಸಿದ ಪಲ್ಯ, ಹುಳಿ ಮಜ್ಜಿಗೆ ಗುಂಡಿಯ ಪಾಲಿಗಿರಲಿ.

ಹಾಕುವ ಕ್ರಮ ಹೀಗಿರಲಿ. ತ್ಯಾಜ್ಯವನ್ನು ಹಾಗೆಯೇ ಎಸೆಯಬಾರದು. ಅನ್ನದ ಉಂಡೆಗಳನ್ನು ಕೈಯಿಂದ ಹಿಸುಕಿ, ಸಿಪ್ಪೆಗಳನ್ನು ಕತ್ತಿಯಿಂದ ಕೊಚ್ಚಿ ಚೂರು ಮಾಡಿ, ಸಗಣಿಯೊಂದಿಗೆ ಕದಡುವ ತೊಟ್ಟಿಯಲ್ಲೇ ಚೆನ್ನಾಗಿ ಬೆರೆಸಿ, ತೊಟ್ಟಿಯ ಬಾಯಿಗಿಟ್ಟ ಬೆಣೆ ತೆಗೆದು ಬಿಡಬೇಕು. ಕದಡಿದ್ದು ದೋಸೆ ಹಿಟ್ಟಿನ ಹದಕ್ಕಿಂತ ಸ್ವಲ್ಪ ತೆಳ್ಳಗಿದ್ದರೆ ಸರಿ. ತೀರಾ ನೀರಾದರೆ ಘನವಸ್ತು ತಳಕ್ಕಿಳಿದು ಕೂರುತ್ತದೆ. ದಪ್ಪವಾದರೆ ಮೇಲೆ ಕೆನೆಗಟ್ಟಿ ಅನಿಲ ಮೇಲೇಳಲು ಬಿಡುವುದಿಲ್ಲ. ನೀರಿನ ಬದಲು ಹೊರತೊಟ್ಟಿಯ ಸ್ಲರಿಯನ್ನೇ ಒಂದೆರಡು ಬಕೆಟ್ ತೆಗೆದು ತ್ಯಾಜ್ಯ ಕದಡಲು ಬಳಸಿದರೆ ಇನ್ನೂ ಒಳ್ಳೆಯದು, ಏಕೆಂದರೆ ಅದರಲ್ಲಿ ಮೀಥೇನ್ ಜೀವಿಗಳು ತಯಾರಾಗಿಯೇ ಇರುತ್ತವೆ, ಹುಳಿಯನ್ನು ತಡೆಯುವ ಕ್ಷಾರಗುಣವೂ ಇರುತ್ತದೆ.

ಬಾಳೆಎಲೆ, ತೆಂಗಿನ ನಾರು, ಅಡಿಕೆ ಸಿಪ್ಪೆ, ಮಾವಿನ ಗೊರಟು, ಮೊಟ್ಟೆಯ ಚಿಪ್ಪು ಬೇಡ. ಅವು ಕರಗುವುದಿಲ್ಲ, ಗುಂಡಿಯನ್ನು ತುಂಬಿಸುತ್ತವೆ. ಲಿಂಬೆ, ಕಿತ್ತಳೆ ಸಿಪ್ಪೆಯ ಎಣ್ಣೆ ಸೂಕ್ಷ್ಮಜೀವಿಗಳಿಗೆ ಆಗಿಬರುವುದಿಲ್ಲವಾದ್ದರಿಂದ ಅವನ್ನು ಗೊಬ್ಬರಗುಂಡಿಗೆ ಹಾಕಿ. ಉಪ್ಪಿನಕಾಯಿಯೂ ಅಲ್ಲಿಗೇ ಹೋಗಲಿ. ಕರಿದ ಎಣ್ಣೆ ಸುರಿಯಬೇಡಿ. ಪಾತ್ರೆ ತೊಳೆದ ಸಾಬೂನು ನೀರು, ಕೊಟ್ಟಿಗೆಗೆ ಹಾಕುವ ಫಿನಾಯಿಲ್, ಬ್ಲೀಚಿಂಗ್ ಪುಡಿ ಒಂದು ತೊಟ್ಟೂ ಒಳಗೆ ಹೋಗಬಾರದು. ಹಸುವಿಗೆ ಕೆಚ್ಚಲು ಬಾವಿಗೆ ಔಷಧಿ ಕೊಡಿಸಿದ ದಿನಗಳಲ್ಲಿ ಅದರ ಸಗಣಿಯನ್ನೂ ಬೇರೆ ಇಡುವುದು ಕ್ಷೇಮ. ಆ ಔಷಧಿಯ ಶೇಷ ಗುಂಡಿಯ ಜೀವಿಗಳನ್ನೂ ಬಾಧಿಸಬಹುದು. ಗಂಜಲವನ್ನು ಸ್ವಲ್ಪ ಸೇರಿಸಬಹುದು, ಅತಿಯಾದರೆ ಅಮೋನಿಯಾ ಹೆಚ್ಚಿ ಅನಿಲ ಕಡಿಮೆಯಾಗುತ್ತದೆ.

ಸ್ಲರಿಯ ಬಗ್ಗೆ ಕೇಳಿದ್ದೀರಿ. ಕೆಡುವುದಿಲ್ಲ. ಗುಂಡಿಯಿಂದ ಅನಿಲವಾಗಿ ಹೊರಹೋಗುವುದು ಮುಖ್ಯವಾಗಿ ಇಂಗಾಲ. ಸಾರಜನಕ, ರಂಜಕ, ಪೊಟ್ಯಾಷ್ ಬಹುತೇಕ ಹಾಗೆಯೇ ಉಳಿಯುತ್ತವೆ. ಸಾರಜನಕದ ಒಂದು ದೊಡ್ಡ ಪಾಲು ಅಮೋನಿಯಂ ರೂಪಕ್ಕೆ ಬರುವುದರಿಂದ ಗಿಡಕ್ಕೆ ಬೇಗ ಸಿಗುತ್ತದೆ, ಆದರೆ ಅದೇ ಕಾರಣಕ್ಕೆ ಬಿಸಿಲಿನಲ್ಲಿ ಹರಡಿ ಒಣಗಿಸಿದರೆ ಬೇಗ ಆವಿಯಾಗಿ ಹೋಗುತ್ತದೆ. ನಾವು ಸ್ಲರಿಯನ್ನು ಎಂದೂ ಒಣಗಿಸುವುದಿಲ್ಲ. ಸೊಪ್ಪಿನಬೆಟ್ಟದಿಂದ ತಂದ ದರಕನ್ನು, ಅಂದರೆ ಒಣ ಎಲೆಯನ್ನು, ಗೊಬ್ಬರಗುಂಡಿಯಲ್ಲಿ ಪದರ ಪದರವಾಗಿ ಹಾಸಿ, ಪ್ರತಿ ಪದರಕ್ಕೂ ಸ್ಲರಿ ಸುರಿಯುತ್ತೇವೆ; ಒಣ ಎಲೆ ಸ್ಲರಿಯನ್ನು ಹೀರಿಕೊಂಡು ತಾನೂ ಕೊಳೆಯುತ್ತದೆ, ಮಳೆಗಾಲದ ಮುಂಚೆ ಕೈಯಲ್ಲಿ ಹಿಡಿದರೆ ಉದುರುವಂಥ ಕಪ್ಪು ಗೊಬ್ಬರ ಸಿದ್ಧವಾಗುತ್ತದೆ. ಮಳೆಗಾಲ ಆರಂಭವಾಗುವ ಮೊದಲು ಹೊರತೊಟ್ಟಿಗೂ ಕದಡುವ ತೊಟ್ಟಿಗೂ ಮುಚ್ಚಿಗೆ ಮಾಡಿ. ನಮ್ಮ ಕಡೆಯ ಮಳೆ ಹೊರತೊಟ್ಟಿಗೆ ನೇರವಾಗಿ ಬಿದ್ದರೆ ಸ್ಲರಿಯ ಸಾರವೆಲ್ಲ ಕೊಚ್ಚಿ ಹಳ್ಳಕ್ಕೆ ಹೋಗುತ್ತದೆ.

ಉತ್ತರ: ಸ್ಥಾವರ ಕಟ್ಟುವ ಗಾರೆ ಕೆಲಸದವರು, ಕೋಲಾರ ಜಿಲ್ಲೆ

ಸಾಗರದ ಅಣ್ಣನವರಿಗೆ ನಮಸ್ಕಾರ. ಹಿರಿಯರು ಹೇಳಿದ್ದೆಲ್ಲ ಸರಿಯಾಗಿದೆ. ಆದರೆ ತ್ಯಾಜ್ಯ ಹಾಕುವ ಮೊದಲು ನಿಮ್ಮ ಗುಮ್ಮಟ ಸೋರುತ್ತಿದೆಯೇ ಎಂದು ನೋಡಿಕೊಳ್ಳಬೇಕು ಎಂಬುದು ನನ್ನ ಅಭಿಪ್ರಾಯ. 20 ಕಿಲೋ ಸಗಣಿಯಿಂದ 800 ಲೀಟರ್ ಬರಬೇಕು. ಮನೆಬಳಕೆಯ ಒಂದು ಬರ್ನರ್ ಗಂಟೆಗೆ ಸುಮಾರು 450 ಲೀಟರ್ ಅನಿಲ ಉರಿಸುತ್ತದೆ. ಹಾಗಾದರೆ ದಿನಕ್ಕೆ ಒಂದೂಮುಕ್ಕಾಲು ಗಂಟೆ ಒಲೆ ಉರಿಯಬೇಕು. ಬೆಳಗಿನ ದೋಸೆಯ ಹೊತ್ತಿಗೇ ಮುಗಿಯುತ್ತದೆ, ಸಂಜೆಗೂ ಏನೂ ಉಳಿಯುವುದಿಲ್ಲ ಎಂದರೆ ಎಲ್ಲೋ ಅನಿಲ ಕಳೆದುಹೋಗುತ್ತಿದೆ.

ಪರೀಕ್ಷಿಸುವ ವಿಧಾನ ಸುಲಭ. ಒಂದು ಪಾರದರ್ಶಕ ಪೈಪನ್ನು ಇಂಗ್ಲಿಷ್ ‘ಯು’ ಅಕ್ಷರದ ಆಕಾರದಲ್ಲಿ ಹಲಗೆಗೆ ಕಟ್ಟಿ, ಅರ್ಧ ನೀರು ತುಂಬಿ, ಒಂದು ತುದಿಯನ್ನು ಅನಿಲದ ಕೊಳವೆಗೆ ಸೇರಿಸಿ. ಎರಡೂ ಬದಿಯ ನೀರಿನ ಮಟ್ಟದಲ್ಲಿರುವ ವ್ಯತ್ಯಾಸವೇ ಒತ್ತಡ. ದೀನಬಂಧು ಮಾದರಿಯಲ್ಲಿ ಗುಮ್ಮಟ ತುಂಬಿದಾಗ ಈ ವ್ಯತ್ಯಾಸ ಮುಕ್ಕಾಲು ಮೀಟರಿಗಿಂತಲೂ ಹೆಚ್ಚಾಗಬಹುದು, ಆದ್ದರಿಂದ ಪೈಪನ್ನು ಆಳುದ್ದ ಇಟ್ಟುಕೊಳ್ಳಿ. ಮೊದಲು ಅನಿಲ ಶೇಖರವಾಗಿರುವಾಗ ಗುಮ್ಮಟದ ನೆತ್ತಿಯಲ್ಲಿರುವ ಮುಖ್ಯ ವಾಲ್ವ್ ಮುಚ್ಚಿ, ಕೊಳವೆಯೊಳಗೆ ಉಳಿದ ಅನಿಲದ ಒತ್ತಡ ನಿಲ್ಲುತ್ತದೆಯೋ ನೋಡಿ. ಇಳಿದರೆ ಸೋರಿಕೆ ಕೊಳವೆಯಲ್ಲಿದೆ, ಸಾಬೂನಿನ ನೊರೆ ಹಚ್ಚಿದರೆ ಗುಳ್ಳೆ ಏಳುವ ಜಾಗ ಕಾಣುತ್ತದೆ. ಕೊಳವೆ ಸರಿಯಿದ್ದರೆ ವಾಲ್ವ್ ತೆರೆದು, ಒಲೆ ಹಚ್ಚದೆ ರಾತ್ರಿಯಿಡೀ ಬಿಟ್ಟು ನೋಡಿ. ಬೆಳಗ್ಗೆ ಒತ್ತಡ ಏರಿರಬೇಕಾದ್ದು ಇಳಿದಿದ್ದರೆ ಗುಮ್ಮಟದ ಒಳಗಾರೆ ಬಿರುಕು ಬಿಟ್ಟಿದೆ ಎಂದರ್ಥ. ಮೂವತ್ತು ವರ್ಷದ ಗುಮ್ಮಟಕ್ಕೆ ಅದು ಸಹಜ, ದುರಸ್ತಿಯೂ ಆಗುತ್ತದೆ.

ಇನ್ನೊಂದು ವಿಷಯ. 1984ರಲ್ಲಿ ಆಫ್‌ಪ್ರೋ ಎಂಬ ಸ್ವಯಂಸೇವಾ ಸಂಸ್ಥೆ ಖರ್ಚು ಇಳಿಸಲೆಂದು ರೂಪಿಸಿದ ಈ ದೀನಬಂಧು ಮಾದರಿಯಲ್ಲಿ ಅನಿಲ ಹಿಡಿಯುವ ಕಬ್ಬಿಣದ ಡ್ರಮ್ ಇರುವುದಿಲ್ಲ, ಇಟ್ಟಿಗೆಯ ಗುಮ್ಮಟದಲ್ಲೇ ಅನಿಲ ನಿಲ್ಲುತ್ತದೆ. ಇದರಲ್ಲಿ ದಿನದ ಉತ್ಪಾದನೆಯ ಮೂರನೇ ಒಂದು ಭಾಗದಷ್ಟನ್ನು ಮಾತ್ರ ಶೇಖರಿಸಿಡಲು ಸ್ಥಳವಿರುತ್ತದೆ. ನಿಮ್ಮ ಸ್ಥಾವರದಲ್ಲಿ ಅದು 660 ಲೀಟರ್. ಅದಕ್ಕಿಂತ ಹೆಚ್ಚಾದ ಅನಿಲ ಹೊರತೊಟ್ಟಿಯ ಮೂಲಕ ಗುಳ್ಳೆಗಳಾಗಿ ತಪ್ಪಿಸಿಕೊಳ್ಳುತ್ತದೆ. ಅನ್ನದಿಂದ ಅನಿಲ ಬೇಗ ಬೇಗ ಬರುವುದರಿಂದ ಬೆಳಗ್ಗೆ ಅರ್ಧ, ಸಂಜೆ ಅರ್ಧ ಹಾಕಿ. ಒಲೆಯನ್ನೂ ಎರಡು ಹೊತ್ತು ಬಳಸಿ.

ಕೊಳವೆಯಲ್ಲಿ ತಗ್ಗಾದ ಕಡೆ ನೀರು ನಿಂತರೆ ಉರಿ ಜಿಗಿಜಿಗಿದು ಉರಿಯುತ್ತದೆ. ಅಂಥ ಕಡೆ ನೀರು ಬಸಿಯುವ ಕೀಲು ಇರಲೇಬೇಕು. ಸಿಲಿಂಡರಿನ ಒಲೆಗೆ ನೇರವಾಗಿ ಗೋಬರ್ ಗ್ಯಾಸ್ ಕೊಟ್ಟರೆ ಉರಿ ಸಾಲುವುದಿಲ್ಲ, ಅದರ ಜೆಟ್ಟಿನ ರಂಧ್ರ ಬಹಳ ಸಣ್ಣದು. ಗೋಬರ್ ಗ್ಯಾಸಿಗೆಂದೇ ಮಾಡಿದ ಒಲೆ ಬೇಕು.

ಈಗ ಮುಖ್ಯವಾದ ಮಾತು. ದುರಸ್ತಿಗೆಂದು ಯಾರೂ ಗುಂಡಿಯೊಳಗೆ ತಾವಾಗಿ ಇಳಿಯಬಾರದು. ಸ್ಲರಿ ತೆಗೆದ ಮೇಲೂ ಒಳಗೆ ಆಮ್ಲಜನಕ ಇರುವುದಿಲ್ಲ, ಹೈಡ್ರೋಜನ್ ಸಲ್ಫೈಡ್ ಇರುತ್ತದೆ. ಆ ಅನಿಲದ ಕೊಳೆತ ಮೊಟ್ಟೆಯ ವಾಸನೆ ಪ್ರಮಾಣ ಹೆಚ್ಚಾದಾಗ ಮೂಗಿಗೆ ತಿಳಿಯುವುದೇ ನಿಂತುಹೋಗುತ್ತದೆ. ಒಬ್ಬರು ಕುಸಿದರೆಂದು ಎತ್ತಲು ಇಳಿದ ಎರಡನೆಯವರೂ ಬದುಕುವುದಿಲ್ಲ. ಬಾವಿಗೆ ಇಳಿಯುವಾಗ ದೀಪ ಇಳಿಬಿಟ್ಟು ನೋಡುವ ಪದ್ಧತಿಯನ್ನು ಇಲ್ಲಿ ಎಂದಿಗೂ ಮಾಡಬಾರದು. ಗಾಳಿಯಲ್ಲಿ ಶೇಕಡಾ 5ರಿಂದ 15ರಷ್ಟು ಮೀಥೇನ್ ಬೆರೆತಿದ್ದರೆ ಒಂದು ಕಿಡಿಗೆ ಸಿಡಿಯುತ್ತದೆ. ಪೂರ್ತಿ ಖಾಲಿ ಮಾಡಿ, ದಿನಗಟ್ಟಲೆ ತೆರೆದಿಟ್ಟು, ಬ್ಲೋವರಿನಿಂದ ಹೊಸ ಗಾಳಿ ಊದಿ, ಅನಿಲ ಅಳೆಯುವ ಸಾಧನದಿಂದ ಖಚಿತ ಮಾಡಿಕೊಂಡು, ಹಗ್ಗ ಹಿಡಿದ ಇಬ್ಬರು ಹೊರಗಿರುವಾಗ, ಈ ಕೆಲಸ ಗೊತ್ತಿರುವವರೇ ಇಳಿಯಬೇಕು. ದಯವಿಟ್ಟು ಇದನ್ನು ಮನೆಯ ಎಲ್ಲರಿಗೂ, ತೋಟದ ಕೆಲಸಕ್ಕೆ ಬರುವವರಿಗೂ ತಿಳಿಸಿರಿ.

ಮರುಪ್ರಶ್ನೆ: ತೋಟದಮನೆ, ಸಾಗರ ತಾಲ್ಲೂಕು

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಕೋಲಾರದವರು ಹೇಳಿದಂತೆ ನೋಡಿದಾಗ ಅಡುಗೆಮನೆಯ ಗೋಡೆ ದಾಟುವಲ್ಲಿ ಕೊಳವೆಯ ಕೀಲಿನಲ್ಲಿ ಗುಳ್ಳೆಗಳು ಎದ್ದವು. ಅದನ್ನು ಬದಲಾಯಿಸಿದ ಮೇಲೆ ಒತ್ತಡ ನಿಲ್ಲುತ್ತಿದೆ, ಸಂಜೆಯ ಚಹಾ ಕಷಾಯಕ್ಕೂ ಅನಿಲ ಉಳಿಯುತ್ತಿದೆ. ಗುಮ್ಮಟ ಸದ್ಯ ಸರಿಯಿದೆಯೆಂದು ತೋರುತ್ತದೆ. ತರಕಾರಿ ಸಿಪ್ಪೆ, ಅನ್ನ ಸೇರಿಸಿ ದಿನಕ್ಕೆ ಒಂದು ಕಿಲೋದಿಂದ ಆರಂಭಿಸಿದ್ದೇವೆ.

ನನ್ನ ಮನಸ್ಸಿನಲ್ಲಿ ಉಳಿದಿರುವ ಇನ್ನೊಂದು ಪ್ರಶ್ನೆ ಕೇಳಲೇಬೇಕಾಗಿದೆ. ಅಮ್ಮನಿಗೆ ವಯಸ್ಸಾಯಿತು, ಹಸು ಸಾಕುವುದು ಇನ್ನು ಹೆಚ್ಚು ವರ್ಷ ಸಾಧ್ಯವಾಗಲಿಕ್ಕಿಲ್ಲ. ಸಗಣಿಯೇ ಇಲ್ಲದೆ ಅಡುಗೆಮನೆಯ ತ್ಯಾಜ್ಯದಿಂದಲೇ ಸ್ಥಾವರವನ್ನು ನಡೆಸಲು ಬರುತ್ತದೆಯೇ? ಪೇಟೆಗಳಲ್ಲಿ ಹಾಗೆ ನಡೆಸುತ್ತಾರೆಂದು ಕೇಳಿದ್ದೇನೆ.

ಉತ್ತರ: ವಿದ್ಯಾರ್ಥಿನಿಲಯದ ಅಡುಗೆಮನೆಯ ಮೇಲ್ವಿಚಾರಕರು, ಬೆಂಗಳೂರು

ನಾವು ನಡೆಸುವ ಸ್ಥಾವರಕ್ಕೆ ಬರುವುದು ಊಟದ ಮನೆಯ ತ್ಯಾಜ್ಯ ಮಾತ್ರ. ಆದ್ದರಿಂದ ಈ ಪ್ರಶ್ನೆಗೆ ನಾನು ಉತ್ತರಿಸಬಹುದೆಂದುಕೊಂಡಿದ್ದೇನೆ. ಬರುತ್ತದೆ, ಆದರೆ ಸಗಣಿ ಮಾಡುತ್ತಿದ್ದ ಕೆಲಸಗಳನ್ನು ಬೇರೆ ದಾರಿಯಿಂದ ಮಾಡಿಸಬೇಕಾಗುತ್ತದೆ.

ಪೇಟೆಯಲ್ಲಿ ಇದಕ್ಕಾಗಿ ಹಲವು ಮಾದರಿಗಳಿವೆ. ಪುಣೆಯ ಆರ್ತಿ ಎಂಬ ಗ್ರಾಮೀಣ ತಂತ್ರಜ್ಞಾನ ಸಂಸ್ಥೆಯಲ್ಲಿ ಆನಂದ ಕರ್ವೆಯವರು ಪ್ಲಾಸ್ಟಿಕ್ ನೀರಿನ ಟ್ಯಾಂಕುಗಳನ್ನು ಒಂದರೊಳಗೊಂದು ಮಗುಚಿಟ್ಟು ರೂಪಿಸಿದ ಸಣ್ಣ ಸ್ಥಾವರ ಪಿಷ್ಟ, ಸಕ್ಕರೆ ಇರುವ ತ್ಯಾಜ್ಯಕ್ಕೆಂದೇ ಇದ್ದದ್ದು. ಅದಕ್ಕೆ 2006ರಲ್ಲಿ ಸುಸ್ಥಿರ ಇಂಧನಕ್ಕಾಗಿ ಕೊಡುವ ಆಶ್ಡೆನ್ ಪ್ರಶಸ್ತಿ ಬಂದಿತು. ದೊಡ್ಡ ಅಡುಗೆಮನೆಗಳಿಗೆ ಭಾಭಾ ಅಣು ಸಂಶೋಧನಾ ಕೇಂದ್ರದ ಶರದ್ ಕಾಳೆಯವರ ನಿಸರ್ಗಋಣ ಮಾದರಿ ಇದೆ. ಅದರಲ್ಲಿ ತ್ಯಾಜ್ಯವನ್ನು ರುಬ್ಬಿ, ಬಿಸಿನೀರು ಸೇರಿಸಿ, ಗಾಳಿಯಾಡುವ ಮೊದಲ ತೊಟ್ಟಿಯಲ್ಲಿ ಒಡೆಯಲು ಬಿಟ್ಟು, ಆಮೇಲೆ ಗಾಳಿಯಿಲ್ಲದ ಎರಡನೆಯ ತೊಟ್ಟಿಗೆ ಕಳಿಸುತ್ತಾರೆ. ಒಡೆಯುವ ಕೆಲಸವೂ ಮೀಥೇನ್ ಮಾಡುವ ಕೆಲಸವೂ ಬೇರೆ ಬೇರೆ ತೊಟ್ಟಿಗಳಲ್ಲಿ ನಡೆಯುವುದರಿಂದ ಒಂದರ ಭರಾಟೆ ಇನ್ನೊಂದನ್ನು ಅಷ್ಟಾಗಿ ಕೆಡಿಸುವುದಿಲ್ಲ.

ನಿಮ್ಮದು ಒಂದೇ ಗುಂಡಿ. ಅಲ್ಲಿ ಸಗಣಿ ಕೇವಲ ಆಹಾರವಲ್ಲ. ಮೀಥೇನ್ ಜೀವಿಗಳು ಹಸುವಿನ ಮೆಲುಕು ಚೀಲದಿಂದಲೇ ಬರುವುದರಿಂದ ಪ್ರತಿದಿನದ ಸಗಣಿಯೊಂದಿಗೆ ಹೊಸ ಬೀಜವೂ ಬಿದ್ದಂತಾಗುತ್ತದೆ. ಹುಳಿಯನ್ನು ತಡೆಯುವ ಕ್ಷಾರಗುಣ ಎರಡನೆಯದು. ಮೂರನೆಯದನ್ನು ಹೆಚ್ಚು ಜನ ಗಮನಿಸುವುದಿಲ್ಲ: ಮೀಥೇನ್ ಜೀವಿಗಳ ಕಿಣ್ವಗಳಿಗೆ ನಿಕಲ್, ಕೋಬಾಲ್ಟ್, ಕಬ್ಬಿಣ, ಸೆಲೆನಿಯಂ ಇವೆಲ್ಲ ಅತ್ಯಲ್ಪ ಪ್ರಮಾಣದಲ್ಲಿ ಬೇಕೇಬೇಕು. ಸಗಣಿಯಲ್ಲಿ ಇವು ಸಹಜವಾಗಿ ಇರುತ್ತವೆ, ಅನ್ನ ಸಾಂಬಾರಿನಲ್ಲಿ ಸಾಲದು. ಆಹಾರ ತ್ಯಾಜ್ಯವನ್ನಷ್ಟೇ ಹಾಕುವ ಸ್ಥಾವರಗಳು ಮೊದಲ ಕೆಲವು ತಿಂಗಳು ಚೆನ್ನಾಗಿ ನಡೆದು, ಹಳೆಯ ಸಗಣಿಯ ಶೇಷ ತೊಳೆದುಹೋದ ಮೇಲೆ, ಯಾವ ತಪ್ಪನ್ನೂ ಮಾಡದಿದ್ದರೂ ಆಮ್ಲ ಹೆಚ್ಚಿ ಕೆಡುವುದುಂಟು. ಕಾರಣ ತಿಳಿಯದೆ ಜನ ಸ್ಥಾವರವನ್ನೇ ದೂಷಿಸುತ್ತಾರೆ.

ಆದ್ದರಿಂದ ನಾನು ಹೇಳುವುದಿಷ್ಟು: ನಿಮ್ಮ ಮನೆಯಲ್ಲಿ ಹಸು ಇಲ್ಲದ ದಿನ ಬಂದರೂ ಊರಿನಲ್ಲಿ ಹಸು ಇರುವ ಒಂದು ಮನೆಯೊಂದಿಗೆ ಮಾತಾಡಿಕೊಂಡು ವಾರಕ್ಕೊಂದೆರಡು ಬುಟ್ಟಿ ಸಗಣಿ ತನ್ನಿ, ಬದಲಿಗೆ ಅವರಿಗೆ ಸ್ಲರಿ ಕೊಡಿ. ಇಂಥ ವಿನಿಮಯ ನಮ್ಮ ನಾಡಿಗೆ ಹೊಸದಲ್ಲ. ಕುಣಿಗಲ್ ತಾಲ್ಲೂಕಿನ ಪುರ ಎಂಬ ಹಳ್ಳಿಯಲ್ಲಿ ಅಮೂಲ್ಯ ರೆಡ್ಡಿಯವರು ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಗ್ರಾಮೀಣ ತಂತ್ರಜ್ಞಾನಕ್ಕಾಗಿ ಕಟ್ಟಿದ ಅಸ್ತ್ರ ತಂಡ ಸಮುದಾಯ ಸ್ಥಾವರ ನಡೆಸಿದಾಗ, ಸಗಣಿ ತಂದುಕೊಟ್ಟವರಿಗೆ ಸ್ಲರಿ ಹಿಂದಿರುಗಿಸಿ ತಂದದ್ದಕ್ಕೆ ಹಣವನ್ನೂ ಕೊಡುವ ವ್ಯವಸ್ಥೆ ಇತ್ತು. ಎಲ್ಲ ಮನೆಗಳ ಅಡುಗೆಗೆ ಸಾಕಾಗುವಷ್ಟು ಸಗಣಿ ಆ ಹಳ್ಳಿಯಲ್ಲಿರಲಿಲ್ಲ. ಹಾಗಾಗಿ 1987ರಿಂದ ಅನಿಲವನ್ನು ಎಂಜಿನ್ನಿಗೆ ಕೊಟ್ಟು ವಿದ್ಯುತ್ ಉತ್ಪಾದಿಸಿ, ಕೊಳವೆಬಾವಿಯ ನೀರನ್ನು ಮನೆಬಾಗಿಲಿಗೆ ತಂದರು, ದೀಪಗಳನ್ನೂ ಬೆಳಗಿಸಿದರು. ಇರುವ ಸಗಣಿಗೆ ತಕ್ಕಂತೆ ಅನಿಲದ ಉಪಯೋಗವನ್ನು ಬದಲಿಸಿಕೊಂಡ ಆ ಕ್ರಮವನ್ನು ನಾನು ಬಹಳ ಗೌರವದಿಂದ ನೋಡುತ್ತೇನೆ.

ಉತ್ತರ: ಸೂಕ್ಷ್ಮಜೀವಿಶಾಸ್ತ್ರ ಕಲಿಸುವವರು, ಧಾರವಾಡ

ಬೆಂಗಳೂರಿನವರು ಹೇಳಿದ, ನಿಕಲ್ ಕೋಬಾಲ್ಟಿನಂಥ ಲೇಶಧಾತುಗಳ ವಿಷಯವನ್ನು ನಾನೇ ಮೊದಲು ಹೇಳಬಹುದಾಗಿತ್ತು. ಅವರು ಸೊಗಸಾಗಿ ವಿವರಿಸಿದ್ದಾರೆ. ಸಗಣಿಯ ಪಾಲು ತೂಕದಲ್ಲಿ ಅರ್ಧಕ್ಕಿಂತ ಕೆಳಗಿಳಿಯದಂತೆ ನೋಡಿಕೊಂಡರೆ ನಿಮ್ಮಂಥ ಒಂದೇ ಗುಂಡಿಯ ಸ್ಥಾವರದಲ್ಲಿ ಈ ಚಿಂತೆ ಬಹುಮಟ್ಟಿಗೆ ಇಲ್ಲ.

ಇನ್ನು ಚಳಿಗಾಲಕ್ಕೆ ಒಂದು ಎಚ್ಚರಿಕೆ. ಮೀಥೇನ್ ಜೀವಿಗಳಿಗೆ 35 ಡಿಗ್ರಿಯ ಆಸುಪಾಸಿನ ಉಷ್ಣತೆ ಹಿತ. ಡಿಸೆಂಬರ್, ಜನವರಿಯಲ್ಲಿ ಮಲೆನಾಡಿನ ನೆಲ ತಣ್ಣಗಾದಾಗ ಅವುಗಳ ಕೆಲಸ ನಿಧಾನವಾಗುತ್ತದೆ, ಆಮ್ಲ ಮಾಡುವವು ಅಷ್ಟಾಗಿ ನಿಧಾನವಾಗುವುದಿಲ್ಲ. ಹೋಂಸ್ಟೇಗೆ ಅತಿಥಿಗಳು ಹೆಚ್ಚು ಬರುವುದೂ ಅದೇ ತಿಂಗಳುಗಳಲ್ಲಿ. ಆ ಸಮಯದಲ್ಲಿ ಆಹಾರ ತ್ಯಾಜ್ಯವನ್ನು ಐದು ಕಿಲೋದಿಂದ ಮೂರಕ್ಕೆ ಇಳಿಸಿ, ಉಳಿದದ್ದನ್ನು ದರಕಿನ ಜೊತೆ ಗೊಬ್ಬರಗುಂಡಿಗೆ ಹಾಕಿ. ಸಗಣಿ ಕದಡಲು ಬಚ್ಚಲ ಹಂಡೆಯ ಉಗುರುಬೆಚ್ಚಗಿನ ನೀರನ್ನು ಬಳಸಿ. ಕುದಿಯುವ ನೀರು ಬೇಡ. ಗುಮ್ಮಟದ ಮೇಲೆ ಮಣ್ಣು ಕೊಚ್ಚಿಹೋಗಿದ್ದರೆ ಮತ್ತೆ ಏರಿಸಿ, ಅದರ ಮೇಲೆ ದರಕಿನ ದಪ್ಪ ಹೊದಿಕೆ ಹಾಸಿದರೆ ರಾತ್ರಿಯ ಚಳಿ ಒಳಗಿಳಿಯುವುದು ಕಡಿಮೆಯಾಗುತ್ತದೆ. ಪ್ರಯೋಗಾಲಯದ ಸಾಮಗ್ರಿ ಮಾರುವ ಅಂಗಡಿಗಳಲ್ಲಿ ಪಿಎಚ್ ಕಾಗದದ ಸಣ್ಣ ಪುಸ್ತಕ ಸಿಗುತ್ತದೆ. ವಾರಕ್ಕೊಮ್ಮೆ ಹೊರತೊಟ್ಟಿಗೆ ಆಗಷ್ಟೇ ಬಂದ ಸ್ಲರಿಯಲ್ಲಿ ಅದ್ದಿ ನೋಡಿ, ದಿನಾಂಕದೊಂದಿಗೆ ಗೋಡೆಯ ಕ್ಯಾಲೆಂಡರಿನಲ್ಲೇ ಬರೆದಿಡಿ. ಅಂಕಿ ಒಂದು ವಾರದಿಂದ ಇನ್ನೊಂದು ವಾರಕ್ಕೆ ಇಳಿಯುತ್ತಿರುವುದು ಕಂಡರೆ, ಅದು 6.8ಕ್ಕಿಂತ ಮೇಲೇ ಇದ್ದರೂ ತ್ಯಾಜ್ಯವನ್ನು ಅಂದೇ ಕಡಿಮೆ ಮಾಡಿ.